ಲೀಟರಿಗೆ ತೊಂಬತ್ತು ಗ್ರಾಂ

ನಮ್ಮ ಮನೆಯ ಮುಂಬಾಗಿಲು ಓಣಿಗೆ ತೆರೆಯುತ್ತಿತ್ತು, ಹಿಂಬಾಗಿಲು ಮಂಡಕ್ಕಿ ಭಟ್ಟಿಗೆ. ದಾವಣಗೆರೆಯ ಆ ಭಾಗದಲ್ಲಿ ಬಹಳಷ್ಟು ಮನೆಗಳು ಹಾಗೇ ಇದ್ದವು. ಮುಂದೆ ಚಿಕ್ಕ ಪಡಸಾಲೆ, ಪಕ್ಕದಲ್ಲಿ ನಾವೆಲ್ಲ ಮಲಗುತ್ತಿದ್ದ ಒಂದೇ ಕೋಣೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆ ದಾಟಿದರೆ ತಗಡಿನ ಚಪ್ಪರದ ಕೆಳಗೆ ಭಟ್ಟಿ. ಉರಿಯುವ ಹೊಟ್ಟಿನ ವಾಸನೆ, ಕಾದ ಮರಳಿನ ವಾಸನೆ ನಮ್ಮ ಹಾಸಿಗೆಗೆ, ಪುಸ್ತಕಕ್ಕೆ, ಹಬ್ಬದ ಬಟ್ಟೆಗೂ ಅಂಟಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ, ನಿನ್ನ ಹತ್ತಿರ ಕೂತರೆ ಹಸಿವಾಗುತ್ತದೆ ಕಣೇ ಅನ್ನುತ್ತಿದ್ದಳು. ನಮಗೆ ಮಂಡಕ್ಕಿ ಅನ್ನದಷ್ಟೇ ಮಾಮೂಲು. ಬೆಳಿಗ್ಗೆ ನೆನೆಸಿ ಹಿಂಡಿ ಒಗ್ಗರಣೆ ಹಾಕಿದ್ದು, ಸಂಜೆ ಈರುಳ್ಳಿ, ಖಾರ ಹಚ್ಚಿದ್ದು. ಚೆನ್ನಾಗಿ ಅರಳಿದ್ದೆಲ್ಲ ಚೀಲ ಸೇರಿ ಅಂಗಡಿಗೆ ಹೋಗುತ್ತಿತ್ತು. ಜರಡಿಯಲ್ಲಿ ಉಳಿದ ಮುರುಕು, ಅರೆಅರಳಿದ್ದು ನಮ್ಮ ಪಾಲು.

ಅಬ್ಬಾ ಭಟ್ಟಿಯ ಯಜಮಾನರು ಅಂತ ಊರಿಗೆ ಗೊತ್ತಿತ್ತು. ಆದರೆ ಭಟ್ಟಿ ನಡೆಯುತ್ತಿದ್ದುದು ದಾದಿಯ ನಾಲಿಗೆಯ ಮೇಲೆ. ದಾದಿ ಅಂದರೆ ಅಬ್ಬಾನ ತಾಯಿ, ನನ್ನ ಅಜ್ಜಿ. ಮನೆಯೊಳಗೆ ನಾವು ಉರ್ದು ಮಾತಾಡುವವರು. ಆನಗೋಡಿನಲ್ಲಿ ಹುಟ್ಟಿ ಬೆಳೆದ ದಾದಿಗೆ ಮಾತ್ರ ಸಿಟ್ಟು ಬಂದರೂ ಪ್ರೀತಿ ಬಂದರೂ ಬಾಯಿಗೆ ಬರುತ್ತಿದ್ದುದು ಕನ್ನಡವೇ. ಅವಳ ಜೊತೆ ನಾನೂ ಕನ್ನಡವೇ ಆಡುತ್ತಿದ್ದೆ. ಮಂಡಕ್ಕಿ ಆಗುವ ಮುಂಚೆ ಅಕ್ಕಿಗೆ ಉಪ್ಪು ನೀರು ಕುಡಿಸಬೇಕು. ಉಪ್ಪು ಕಡಿಮೆಯಾದರೆ ಅಕ್ಕಿ ಮರಳಿನಲ್ಲಿ ಸರಿಯಾಗಿ ಅರಳುವುದಿಲ್ಲ, ಬಾಯಿಗೂ ಹತ್ತುವುದಿಲ್ಲ. ಹೆಚ್ಚಾದರೆ ಯಾರೂ ಎರಡನೇ ಹಿಡಿ ತಿನ್ನುವುದಿಲ್ಲ. ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲಿ ಅರವತ್ತು ಲೀಟರು ಹಿಡಿಯುವ ನೀಲಿ ಡ್ರಮ್ಮು ಇತ್ತು. ದಾದಿ ಅದಕ್ಕೆ ನಾಲ್ಕು ಕೊಡ ನೀರು ತುಂಬಿಸಿ, ಹರಳುಪ್ಪನ್ನು ಬೊಗಸೆ ಬೊಗಸೆಯಾಗಿ ಹಾಕಿ, ಕೋಲಿನಿಂದ ತಿರುವಿ, ಬಿಸ್ಮಿಲ್ಲಾ ಅಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದಳು. ಅವಳು ಕಣ್ಣು ಮುಚ್ಚಿದ ಆ ಗಳಿಗೆಯಲ್ಲಿ ಉರಿ ಹಾಕುವವರು, ಜರಡಿ ಹಿಡಿಯುವವರು ಎಲ್ಲ ಅವಳ ಕಡೆ ನೋಡುತ್ತಿದ್ದರು. "ಇನ್ನೊಂದು ಬೊಗಸೆ" ಅಂದರೆ ಇನ್ನೊಂದು ಬೊಗಸೆ. "ಸಾಕು" ಅಂದರೆ ಕೆಲಸ ಶುರು. ರಂಜಾನ್ ತಿಂಗಳಲ್ಲಿ ಹಗಲು ಬಾಯಿಗೆ ಏನೂ ಮುಟ್ಟಿಸುವಂತಿಲ್ಲವಲ್ಲ, ನಸುಕಿನ ಸಹರಿ ಊಟ ಮುಗಿಯುವುದರೊಳಗೇ ನೀರು ಕೂಡಿಸಿ ರುಚಿ ನೋಡಿಟ್ಟುಬಿಡುತ್ತಿದ್ದಳು. ತಾತ ತೀರಿಕೊಂಡ ಮೇಲೆ ಭಟ್ಟಿ ಉಳಿದದ್ದೇ ಅವಳಿಂದ ಅಂತ ಓಣಿಯವರೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿದಾಗ ದಾದಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳೇ ಹೊರತು ಅಲ್ಲ ಅನ್ನುತ್ತಿರಲಿಲ್ಲ.

ನಾನು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಸರೋಜಮ್ಮ ಟೀಚರ್ ನಮಗೆ ಸಾಂದ್ರತೆ ಪಾಠ ಮಾಡಿದರು. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ. ಅದನ್ನೇ ಘನಮೀಟರಿಗೆ ಹೇಳಿದರೆ ಸಾವಿರ ಕಿಲೋ. ಒಂದೇ ನೀರನ್ನು ಹೀಗೂ ಹೇಳಬಹುದು, ಹಾಗೂ ಹೇಳಬಹುದು, ಸೊನ್ನೆಗಳನ್ನು ಸರಿಯಾಗಿ ಇಟ್ಟರೆ ಆಯಿತು. ನನಗೆ ಇದು ಹುಚ್ಚು ಹಿಡಿಸಿಬಿಟ್ಟಿತು. ಮನೆಯಲ್ಲಿ ಕಂಡದ್ದನ್ನೆಲ್ಲ ಅಳೆದು ತೂಗಲು ಶುರುಮಾಡಿದೆ. ಹಾಲು, ಸೀಮೆಎಣ್ಣೆ, ಜೋನಿಬೆಲ್ಲ. ಒಂದು ದಿನ ಅಂಗಡಿಯಿಂದ ತಂದ ಲೀಟರ್ ಕಡಲೆಕಾಯಿ ಎಣ್ಣೆ ತೂಗಿದರೆ ಒಂಬೈನೂರ ಹತ್ತು ಗ್ರಾಂ ಬಂತು. ಮೋಸ ಅಂತ ಕೂಗಿಕೊಂಡು ಅಂಗಡಿಗೆ ಓಡಿದೆ. ಅಂಗಡಿಯವರು ನಕ್ಕರು.

"ಲೀಟರ್ ಕೇಳಿದೆ, ಲೀಟರ್ ಕೊಟ್ಟೀನಿ. ಕಿಲೋ ಬೇಕಿದ್ರೆ ಕಿಲೋ ಅಂತ ಕೇಳವ್ವ. ಎಣ್ಣೆ ನೀರಿಗಿಂತ ಹಗುರ ಐತೆ ಅಂತ ನಿಮ್ಮ ಸಾಲಿಯಾಗೆ ಹೇಳಿಕೊಟ್ಟಿಲ್ಲೇನು?"

ಹೇಳಿಕೊಟ್ಟಿದ್ದರು. ಆ ಪಾಠ ನನಗೆ ಬಾಯಿಪಾಠವಾಗಿತ್ತು. ಆದರೂ ಮನೆಗೆ ಬಂದು, ಅಂಗಡಿಯವರೇ ಲೆಕ್ಕ ತಪ್ಪಿದ್ದರು, ನಾನು ತಿದ್ದಿ ಬಂದೆ ಅಂತ ಅಮ್ಮಿಗೆ ಹೇಳಿದೆ. ಈಗ ಹಿಂತಿರುಗಿ ನೋಡಿದರೆ, ಮುಂದೆ ನಾನು ಮಾಡಿದ್ದಕ್ಕೆ ಆ ದಿನವೇ ಕೈ ಪಳಗಿತ್ತು ಅನ್ನಿಸುತ್ತದೆ. ತಪ್ಪಾಯಿತು ಅನ್ನುವ ಮಾತು ಆ ವಯಸ್ಸಿನಲ್ಲಿ ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ.

ಕೊನೆಗೆ ನನ್ನ ಕಣ್ಣು ದಾದಿಯ ಡ್ರಮ್ಮಿನ ಮೇಲೆ ಬಿತ್ತು. ಒಂದು ಲೀಟರ್ ಉಪ್ಪು ನೀರು ತೂಗಿದೆ, ಒಂದು ಕಿಲೋ ನೂರಿಪ್ಪತ್ತು ಗ್ರಾಂ ಬಂತು. ಮರುದಿನ ಮತ್ತೆ ತೂಗಿದೆ, ಅಷ್ಟೇ. ಒಂದು ವಾರ ತೂಗಿದೆ. ಐದು ಗ್ರಾಂ ಆಚೀಚೆ ಅಷ್ಟೇ, ಅದಕ್ಕಿಂತ ಹೆಚ್ಚು ಒಂದು ದಿನವೂ ಇಲ್ಲ. ಬೆರಳ ತುದಿಯ ಒಂದು ಹನಿಯಿಂದ ಅವಳು ಅದನ್ನು ಹಿಡಿಯುತ್ತಿದ್ದಳು. ಆ ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ತಿಳಿಯಲು ಟೀಚರ ಹತ್ತಿರ ಅಳತೆ ಜಾಡಿ ಕೇಳಿ ತಂದೆ. ಅದು ಐವತ್ತು ಮಿಲಿಲೀಟರಿನದು, ಸಣ್ಣದು. ಐವತ್ತು ಮಿಲಿ ನೀರನ್ನು ಬಟ್ಟಲಲ್ಲಿ ಕುದಿಸಿ ಆರಿಸಿ, ಉಳಿದ ಉಪ್ಪನ್ನು ಕಾಗದದಲ್ಲಿ ಕಟ್ಟಿಕೊಂಡು ಓಣಿಯ ತುದಿಯ ಅಕ್ಕಸಾಲಿಗರ ಹತ್ತಿರ ಹೋಗಿ ಚಿನ್ನದ ತಕ್ಕಡಿಯಲ್ಲಿ ತೂಗಿಸಿದೆ. ಒಂಬತ್ತು ಗ್ರಾಂ. ನೋಟ್‌ಬುಕ್ಕಿನಲ್ಲಿ 'ದಾದಿ ನೀರು, ಉಪ್ಪು ೯ ಗ್ರಾಂ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಎಷ್ಟು ನೀರಿನಲ್ಲಿ ಅನ್ನುವುದನ್ನು ಬರೆಯಲಿಲ್ಲ. ಅದು ಮರೆಯುವಂಥದ್ದು ಅಂತ ಅನ್ನಿಸಿರಲಿಲ್ಲ.

ಕೆಲವು ತಿಂಗಳು ಕಳೆದವು. ಹರಿಹರದ ವ್ಯಾಪಾರಿ ಚನ್ನಬಸಪ್ಪನವರು ತಮ್ಮ ಮಗಳ ಮದುವೆಗೆ ಮಂಡಕ್ಕಿ ಹೇಳಿದ್ದರು. ನಮ್ಮ ತಾತನ ಕಾಲದಿಂದ ನಮ್ಮಲ್ಲೇ ಕೊಳ್ಳುತ್ತಿದ್ದ ಮನೆ ಅದು. ಅದೇ ವಾರ ದಾದಿಗೆ ಜ್ವರ ಬಂತು. ಮಲಗು ಅಂದರೆ ಮಲಗಲಿಲ್ಲ. ಬೆಳಿಗ್ಗೆ ಅಬ್ಬಾ ಹೊಟ್ಟಿನ ಗಾಡಿ ತರಲು ಆವರಗೆರೆ ಕಡೆ ಹೋಗಿದ್ದಾಗ, ಶಾಲೆಗೆ ಹೊರಟಿದ್ದ ನನ್ನನ್ನು ಡ್ರಮ್ಮಿನ ಹತ್ತಿರ ಕರೆದಳು.

"ನಸೀಮಾ, ಬಾಯಿ ಕೆಟ್ಟೈತೆ ಕಣೇ. ಉಪ್ಪೂ ಒಂದೇ ಸಕ್ರೀನೂ ಒಂದೇ ಅನ್ಸಾಕತ್ತೈತೆ. ನೀನು ಅವತ್ತು ಲೆಕ್ಕ ಹಾಕಿದ್ಯಲ್ಲ, ಎಷ್ಟು ಉಪ್ಪು ಹಾಕ್ಬೇಕು ನೋಡಿ ನೀನೇ ಹಾಕು. ನಿಮ್ಮಪ್ಪಗೆ ಹೇಳಬ್ಯಾಡ, ಸುಮ್ನೆ ಗಾಬರಿ ಬೀಳ್ತಾನೆ."

ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ನೋಟ್‌ಬುಕ್ ತೆಗೆದೆ. ಒಂಬತ್ತು ಗ್ರಾಂ. ಪುಸ್ತಕದ ಲೆಕ್ಕಗಳಲ್ಲೆಲ್ಲ ನೂರು ಮಿಲಿಗೆ ಇಷ್ಟು ಅಂತಲೇ ಇರುತ್ತಿತ್ತು; ನೂರು ಮಿಲಿಗೆ ಒಂಬತ್ತು ಅಂದರೆ ಲೀಟರಿಗೆ ಹತ್ತರಷ್ಟು, ತೊಂಬತ್ತು ಗ್ರಾಂ. ಅರವತ್ತು ಲೀಟರಿಗೆ ಐದು ಕಿಲೋ ನಾನೂರು ಗ್ರಾಂ. ತಕ್ಕಡಿಯಲ್ಲಿ ತೂಗಿ ಹಾಕಿದೆ, ತಿರುವಿದೆ. ಒಂದು ಲೀಟರ್ ತೆಗೆದು ತೂಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಶಾಲೆಗೆ ಹೊತ್ತಾಗಿತ್ತು, ತೂಗಲಿಲ್ಲ. ದಾದಿ ಸುಮ್ಮನಿರಲಾರದೆ ಬೆರಳು ಅದ್ದಿ ನೆಕ್ಕಿದಳು. ಹುಬ್ಬು ಗಂಟು ಹಾಕಿ ಇನ್ನೊಮ್ಮೆ ನೆಕ್ಕಿದಳು.

"ಸಪ್ಪೆ ಅನ್ಸುತ್ತಲ್ಲೇ."

"ಜ್ವರದ ಬಾಯಿ ದಾದಿ. ನೀನೇ ಅಂದ್ಯಲ್ಲ. ಲೆಕ್ಕ ಸರಿ ಐತೆ."

"ಹೂಂ, ನೀ ಓದಿದಾಕಿ" ಅಂದು ಕೆಲಸದವರಿಗೆ ಕೈ ಮಾಡಿದಳು.

ಮರುದಿನ ಮಧ್ಯಾಹ್ನ ನಾನು ಶಾಲೆಯಿಂದ ಊಟಕ್ಕೆ ಬಂದಾಗ ಭಟ್ಟಿಯ ಕೆಲಸ ನಿಂತುಹೋಗಿತ್ತು. ಮರಳಿನಿಂದ ತೆಗೆದ ಮಂಡಕ್ಕಿ ಗಿಡ್ಡಗೆ, ಗಟ್ಟಿಯಾಗಿ, ಚಾಪೆಯ ಮೇಲೆ ರಾಶಿ ಬಿದ್ದಿತ್ತು. ಚನ್ನಬಸಪ್ಪನವರೇ ಚೀಲ ನೋಡಿಕೊಂಡು ಹೋಗಲು ಬಂದಿದ್ದರು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದರು, ಅರ್ಧಕ್ಕೇ ನಿಲ್ಲಿಸಿದರು. ಬೈಯಲಿಲ್ಲ. "ಬ್ಯಾರೆ ಕಡೆ ನೋಡ್ತೀನ್ರಿ. ಮದುವಿ ಮನೆ, ಟೈಮ್ ಇಲ್ಲ" ಅಂತ ಮಾತ್ರ ಹೇಳಿ ಚಪ್ಪಲಿ ಹಾಕಿಕೊಂಡರು. ಅಬ್ಬಾ ಅವರನ್ನು ಓಣಿಯ ತುದಿಯವರೆಗೂ ಕಳಿಸಿ ಬಂದು, ಎಲ್ಲರ ಮುಂದೆ ಕೇಳಿದರು.

"ನಿನ್ನೆ ನೀರು ಕೂಡಿಸಿದ್ದು ಯಾರು?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ದಾದಿ ನನ್ನ ಕಡೆ ನೋಡಲೂ ಇಲ್ಲ.

"ಇನ್ಯಾರು? ನಾನೇ."

"ರುಚಿ ನೋಡಿದ್ಯಾ ಅಮ್ಮಾ?"

"ನೋಡಿದ್ದೆ."

"ನೋಡಿದ ಮೇಲೂ ಹಿಂಗಾ? ವಯಸ್ಸಾಯ್ತು, ಬಾಯಿ ಹೋಯ್ತು ಅಂತ ಒಂದು ಮಾತು ಹೇಳಬಾರದಾ? ಅಪ್ಪನ ಕಾಲದ ಗಿರಾಕಿ ಎದ್ದು ಹೋದ್ರು!"

ದಾದಿ ಮೂವತ್ತು ವರ್ಷ ಆ ಡ್ರಮ್ಮಿನ ಹತ್ತಿರ ನಿಂತವಳು. ಮಗ ಅವಳಿಗೆ ಕೆಲಸದವರ ಮುಂದೆ ಹಾಗೆ ಅಂದದ್ದು ಅದೇ ಮೊದಲು. ಅವಳು ಒಳಗೆ ಹೋದಳು. ನಾನು ಉಳಿದ ಉಪ್ಪು ನೀರನ್ನು ಒಂದು ಲೀಟರ್ ತೆಗೆದು ತೂಗಿದೆ. ಒಂದು ಕಿಲೋ ಅರವತ್ತು ಗ್ರಾಂ. ಆಗ ಟೀಚರ ಸಣ್ಣ ಜಾಡಿ ನೆನಪಾಯಿತು. ಐವತ್ತು ಮಿಲಿಗೆ ಒಂಬತ್ತು. ಹತ್ತರಿಂದ ಅಲ್ಲ, ಇಪ್ಪತ್ತರಿಂದ ಗುಣಿಸಬೇಕಿತ್ತು. ಲೀಟರಿಗೆ ನೂರಾ ಎಂಬತ್ತು ಆಗಬೇಕಾದಲ್ಲಿ ಸರಿಯಾಗಿ ಅರ್ಧ ಹಾಕಿದ್ದೆ.

ಇಲ್ಲಿಯವರೆಗೆ ನಾನು ಮಾಡಿದ್ದು ತಪ್ಪು. ಹದಿನಾಲ್ಕು ವರ್ಷದ ಹುಡುಗಿಯರು ಮಾಡುವಂಥ ತಪ್ಪು. ಇನ್ನು ಹೇಳುವುದು ಹಾಗಲ್ಲ. ದಾದಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ತಿಳಿದುಕೊಳ್ಳಬೇಕು ಅನ್ನುವುದಷ್ಟೇ ಇತ್ತು.

"ನಿಮ್ಮಪ್ಪನ ಮುಂದೆ ನಿನ್ನ ಹೆಸರು ತೆಗಿಯಲ್ಲ. ನನ್ನ ಮುಂದೆ ಹೇಳು. ಲೆಕ್ಕ ಸರಿ ಇತ್ತೇನೇ?"

ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ತಲೆಗೊಂದು ಮೊಟಕಿ ನಕ್ಕುಬಿಡುತ್ತಿದ್ದಳೇನೋ. ನಾನು ಹೇಳಿದ್ದು ಇದು:

"ಸರಿ ಇತ್ತು ದಾದಿ. ನಾನು ಸಾಲಿಗೆ ಹೋದ ಮೇಲೆ ನೀನು ಡ್ರಮ್ಮಿಗೆ ಮತ್ತೆ ನೀರು ಹಾಕಿದ್ಯೇನೋ. ಜ್ವರ ಇತ್ತಲ್ಲ, ನಿನಗೆ ನೆನಪಿಲ್ಲ."

ಅವಳು ಹಿಂಬಾಗಿಲ ಕಡೆ ನೋಡಿದಳು. "ಹಾಕಿದ್ನಾ?" ಅಂದಳು. ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ. ನಾನು ತಟ್ಟೆ ಹಾಕಿಕೊಂಡು ಊಟಕ್ಕೆ ಕೂತೆ. ಅವತ್ತು ಅಮ್ಮಿ ಬದನೆಕಾಯಿ ಪಲ್ಯ ಮಾಡಿದ್ದಳು. ಎರಡು ರೊಟ್ಟಿ ತಿಂದದ್ದು ನೆನಪಿದೆ. ತಿನ್ನಲು ಆಗಲಿಲ್ಲ ಅಂತ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಆ ವಾರವೇ ನಾನು ಲೆಕ್ಕವನ್ನು ಗುಟ್ಟಾಗಿ ತಿದ್ದಿ, ಇನ್ನು ಮುಂದೆ ಅಳತೆಯಲ್ಲೇ ಮಾಡೋಣ ಅಬ್ಬಾ, ಅರವತ್ತು ಲೀಟರಿಗೆ ಹತ್ತು ಕಿಲೋ ಎಂಟುನೂರು ಗ್ರಾಂ ಅಂತ ಹಾಳೆಯಲ್ಲಿ ಬರೆದು ಕೊಟ್ಟೆ. ಅಬ್ಬಾ ಅದನ್ನು ಭಟ್ಟಿಯ ಕಂಬಕ್ಕೆ ಅಂಟಿಸಿದರು, ಡ್ರಮ್ಮಿಗೆ ಬಣ್ಣದ ಗೆರೆ ಎಳೆಸಿದರು. ಮಂಡಕ್ಕಿ ಮೊದಲಿನಂತೆ ಅರಳಿತು. ಬಂದವರಿಗೆಲ್ಲ, ನಮ್ಮ ನಸೀಮಾದೇ ಲೆಕ್ಕ, ದೊಡ್ಡ ಸೈಂಟಿಸ್ಟ್ ಆಗ್ತಾಳೆ ಅಂತ ತೋರಿಸುತ್ತಿದ್ದರು. ಅದು ದಾದಿಯದೇ ನೀರು, ಅಂಕಿ ಮಾತ್ರ ನನ್ನದು ಅಂತ ನಾನು ಒಮ್ಮೆಯೂ ಬಾಯಿ ಬಿಡಲಿಲ್ಲ. ನನ್ನನ್ನು ಮುಂದೆ ಓದಿಸಬೇಕು ಅಂತ ಅಬ್ಬಾ ಗಟ್ಟಿ ಮನಸ್ಸು ಮಾಡಿದ್ದೂ ಆ ಹಾಳೆ ನೋಡಿಯೇ. ಇವತ್ತು ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ತಿನ್ನುವ ಅನ್ನದ ಬುಡ ಅಲ್ಲಿದೆ.

ದಾದಿಗೆ ಜ್ವರ ಬಿಟ್ಟಿತು, ಬಾಯಿ ರುಚಿಯೂ ವಾಪಸ್ ಬಂತು. ಆದರೆ ಅವಳು ಡ್ರಮ್ಮಿನ ಹತ್ತಿರ ಹೋಗಲಿಲ್ಲ. ಮೊದಮೊದಲು ಅಮ್ಮಿಯನ್ನು, ದಾಲ್‌ಗೆ ನಾನು ಉಪ್ಪು ಹಾಕಿದ್ನಾ ಅಂತ ಕೇಳುತ್ತಿದ್ದಳು. ಆಮೇಲೆ ಹಾಲಿಗೆ ಮುಚ್ಚಳ ಮುಚ್ಚಿದೆನಾ, ಕೋಳಿ ಗೂಡಿನ ಬಾಗಿಲು ಹಾಕಿದೆನಾ ಅಂತ ಎರಡೆರಡು ಸಲ ಎದ್ದು ಹೋಗಿ ನೋಡಿ ಬರುತ್ತಿದ್ದಳು. ಒಂದು ಸಂಜೆ ನಮಾಜಿನ ಚಾಪೆ ಮಡಿಚುತ್ತಾ ಅರ್ಧಕ್ಕೆ ನಿಂತು, ಓದುತ್ತ ಕೂತಿದ್ದ ನನ್ನನ್ನು ಕೇಳಿದಳು.

"ನೋಡಿದ್ಯೇನೇ? ಮೂರು ರಕಾತ್ ಆಯ್ತಾ ಎರಡಾ?"

ಐವತ್ತು ವರ್ಷ ದಿನಕ್ಕೆ ಐದು ಸಲ ಮಾಡಿದ ಪ್ರಾರ್ಥನೆಯಲ್ಲಿ ಎಷ್ಟು ಸಲ ಬಾಗಿದೆ ಅನ್ನುವುದೇ ಅವಳಿಗೆ ಅನುಮಾನವಾಗಿತ್ತು. ನಾನು ನೋಡಿರಲಿಲ್ಲ. ಆದರೂ "ಮೂರು" ಅಂದೆ. ಅವಳು ಚಾಪೆ ಮತ್ತೆ ಹಾಸಿ, ಮೊದಲಿಂದ ಶುರುಮಾಡಿದಳು. ಅದಾದ ಸ್ವಲ್ಪ ದಿನಕ್ಕೆ, ಎಂಟು ದಿನ ಇದ್ದು ಬರುತ್ತೇನೆ ಅಂತ ಹರಿಹರದ ಫುಫು ಮನೆಗೆ, ಅಂದರೆ ನನ್ನ ಸೋದರತ್ತೆಯ ಮನೆಗೆ ಹೋದಳು. ಎಂಟು ದಿನ ಒಂದು ತಿಂಗಳಾಯಿತು, ತಿಂಗಳು ವರ್ಷವಾಯಿತು. ಯಾರೂ ಅವಳನ್ನು ಕಳಿಸಿರಲಿಲ್ಲ. ಇಲ್ಲಿ ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ ಅಷ್ಟೇ.

ನಾನು ನಿಜ ಹೇಳಿದ್ದು ಎರಡು ವರ್ಷದ ಮೇಲೆ. ಪಿಯುಸಿಗೆ ಸೇರಿದ್ದೆ. ಪ್ರಯೋಗಶಾಲೆಯಲ್ಲಿ ಒಂದು ದಿನ ದ್ರಾವಣದ ಲೆಕ್ಕ ಮಾಡುವಾಗ ನಮ್ಮ ಲೆಕ್ಚರರು, "ಅಂಕಿ ಬರೆದ್ರೆ ಸಾಲದು, ಎಷ್ಟರಲ್ಲಿ ಅಂತ ಬರೀರಿ. ಇಲ್ಲಾಂದ್ರೆ ನೀವು ಬರೆದದ್ದು ಏನೂ ಅಲ್ಲ" ಅಂದರು. ಎಲ್ಲರಿಗೂ ಹೇಳಿದ ಮಾತು. ನನಗೆ ಅಲ್ಲಿ ಕೂರಲಾಗಲಿಲ್ಲ. ಕ್ಲಾಸ್ ಮುಗಿದ ಕೂಡಲೇ ಹರಿಹರದ ಬಸ್ ಹತ್ತಿದೆ. ಫುಫು ಮನೆಯ ಹಿಂದಿನ ಕಟ್ಟೆಯ ಮೇಲೆ ದಾದಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಪಕ್ಕದಲ್ಲಿ ಕೂತು, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿಬಿಟ್ಟೆ. ಜಾಡಿ, ಒಂಬತ್ತು ಗ್ರಾಂ, ಹತ್ತರಿಂದ ಗುಣಿಸಿದ್ದು, ಮಧ್ಯಾಹ್ನವೇ ನನಗೆ ಗೊತ್ತಾಗಿದ್ದು, ಗೊತ್ತಿದ್ದೂ ಅವಳಿಗೆ ಹಾಗೆ ಹೇಳಿದ್ದು. ಅಕ್ಕಿ ಆರಿಸುವ ಕೈ ನಿಂತಿತು.

"ಹಂಗಾರೆ ನಾನು ನೀರು ಹಾಕ್ಲಿಲ್ಲ?"

"ಇಲ್ಲ ದಾದಿ."

"ಒಂದು ತಂಬಿಗೀನೂ ಇಲ್ಲ?"

"ಇಲ್ಲ."

"ನಂಗೆ ನೆನಪೈತಲ್ಲೇ" ಅಂದಳು. "ತಂಬಿಗೆ ತಗಂಡು ಬಾಗಿದ್ದು, ನೀರು ಬಿದ್ದ ಸದ್ದು, ಸೆರಗು ತೊಯ್ದಿದ್ದು. ಎಲ್ಲ ನೆನಪೈತೆ. ದಿನಾ ಕುಂತು ಕುಂತು ನೆನಪು ಮಾಡ್ಕಂಡೀನಿ."

ನಾನು ಅವಳ ಕಾಲು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಆಗಲಿ ಬಿಡು ಅನ್ನಲಿಲ್ಲ. ಒಂದೇ ಮಾತು ಕೇಳಿದಳು.

"ನಿಮ್ಮಪ್ಪಗೆ ಹೇಳಿದ್ಯಾ?"

"ಇಲ್ಲ."

"ಹೋಗಿ ಹೇಳು."

ಮರುದಿನ ಊಟಕ್ಕೆ ಕೂತಾಗ ಅಬ್ಬಾಗೆ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವರು ತುತ್ತು ತಟ್ಟೆಯಲ್ಲೇ ಬಿಟ್ಟು, "ಅಷ್ಟು ಜನರ ಮುಂದೆ ಅಂದುಬಿಟ್ನಲ್ಲ" ಅಂದರು. ಎದ್ದು ಕೈ ತೊಳೆದವರೇ ಹರಿಹರಕ್ಕೆ ಹೊರಟರು. ತಾಯಿ ಮಗ ಏನು ಮಾತಾಡಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ಶುಕ್ರವಾರ ದಾದಿಯನ್ನು ಕರೆದುಕೊಂಡು ಬಂದರು. ಅಮ್ಮಿ ಬಿರಿಯಾನಿ ಮಾಡಿದಳು. ಊಟವಾದ ಮೇಲೆ ಅಬ್ಬಾ ಕೆಲಸದವರನ್ನೆಲ್ಲ ಕರೆದು, ಅವತ್ತು ತಪ್ಪು ನನ್ನ ತಾಯಿದಲ್ಲ, ನಾನು ಅನ್ನಬಾರದ್ದು ಅಂದೆ ಅಂತ ಎಲ್ಲರ ಮುಂದೆ ಹೇಳಿದರು. ನನ್ನ ಹೆಸರು ಅವರೂ ತೆಗೆಯಲಿಲ್ಲ. ನಾನೇ ಮುಂದೆ ಬಂದು, ತಪ್ಪು ನನ್ನದು ಅಂದೆ. ಆಮೇಲೆ ಅಬ್ಬಾ ದಾದಿಯನ್ನು ಡ್ರಮ್ಮಿನ ಹತ್ತಿರ ಕರೆದೊಯ್ದರು.

"ರುಚಿ ನೋಡಮ್ಮಾ. ನೀನು ಸರಿ ಅಂದ್ರೆ ಸರಿ."

ದಾದಿ ಬೆರಳು ಅದ್ದಿದಳು. ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಲಿಲ್ಲ, ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡಿದಳು.

"ಒಂಚೂರು ಕಡಿಮಿ ಐತಾ?" ಅಂದಳು. ಕೂಡಲೇ, "ಇಲ್ಲ ಇಲ್ಲ, ಸರಿ ಇರ್ಬೇಕು. ನೀವು ಅಳತೆ ಮಾಡೇ ಹಾಕಿರ್ತೀರಿ" ಅಂತ ಹಿಂದೆ ಸರಿದು ಒಳಗೆ ಹೋದಳು.

ನಾನು ಲೀಟರ್ ಪಾತ್ರೆ ತಂದು ಅಲ್ಲೇ ತೂಗಿದೆ. ಒಂದು ಕಿಲೋ ನೂರಾ ಐದು ಗ್ರಾಂ. ಹೊಸದಾಗಿ ಬಂದಿದ್ದ ಉಪ್ಪು ಹಸಿಯಾಗಿತ್ತು; ತೂಕದಲ್ಲಿ ನೀರೂ ಸೇರಿಕೊಂಡಿತ್ತು. ಲೀಟರಿಗೆ ನೂರಾ ಎಂಬತ್ತರ ಬದಲು ನೂರಾ ಅರವತ್ತರ ಆಸುಪಾಸು. ನನ್ನ ಅಳತೆಗೆ ಸಿಗದಿದ್ದದ್ದು ಅವಳ ನಾಲಿಗೆಗೆ ಸಿಕ್ಕಿತ್ತು. ಕೂಗಿಕೊಂಡು ಪಡಸಾಲೆಗೆ ಓಡಿದೆ.

"ದಾದಿ, ನೀನೇ ಸರಿ! ಕಡಿಮೆ ಐತೆ! ತೂಗಿ ನೋಡ್ದೆ!"

ಅವಳು ಆಗಲೇ ವಾಪಸ್ ಹೋಗಲು ಬುರ್ಖಾ ಹಾಕಿಕೊಳ್ಳುತ್ತಿದ್ದಳು. ನನ್ನ ಕೆನ್ನೆ ತಟ್ಟಿ ನಕ್ಕಳು. ಎರಡು ವರ್ಷದಲ್ಲಿ ನನ್ನನ್ನು ನೋಡಿ ಅವಳು ನಕ್ಕದ್ದು ಅದೇ ಮೊದಲು.

"ಮುದುಕಿ ಮನಸಿಗೆ ಸಮಾಧಾನ ಆಗ್ಲಿ ಅಂತ ಹೇಳ್ತೀಯ. ಹೇಳು ಹೇಳು, ಕೇಳಾಕೆ ಚೆನ್ನಾಗೈತೆ."

ಸುಳ್ಳಲ್ಲ ದಾದಿ, ಆಣೆಗೂ ಸುಳ್ಳಲ್ಲ ಅಂದೆ. ಈಗಷ್ಟೇ ತೂಗಿದ ಅಂಕಿಯನ್ನು ಹಾಳೆಯಲ್ಲಿ ಬರೆದು ಅವಳ ಮುಖದ ಮುಂದೆ ಹಿಡಿದೆ. ದಾದಿಗೆ ಓದಲು ಬರುತ್ತಿರಲಿಲ್ಲ.